ಮೊದಲು ಕುಟುಂಬ, ಆಮೇಲೆ ಹೆಸರು

ಏಪ್ರಿಲ್ ಮುಗಿದು ಮೇ ಬರುವ ಹೊತ್ತಿಗೆ ಅಹಮದಾಬಾದ್, ವಡೋದರಾ, ಸೂರತ್ ಮೂರೂ ನಗರಗಳ ರಸ್ತೆಬದಿಯಲ್ಲಿ ಮೂರು ಬಗೆಯ ಮರಗಳು ಹೆಚ್ಚುಕಡಿಮೆ ಒಟ್ಟಿಗೇ ಹೂ ಬಿಡುತ್ತವೆ. ಗುಜರಾತಿಗಳು ಗರಮಾಳೊ ಎನ್ನುವ ನಮ್ಮ ಕಕ್ಕೆಯ ಹಳದಿ ಗೊಂಚಲುಗಳು ಕೆಳಕ್ಕೆ ಇಳಿಬಿದ್ದಿರುತ್ತವೆ; ಪೆಲ್ಟೊಫೋರಮ್ ಮರದ ಹಳದಿ ಗೊಂಚಲುಗಳು ಮೇಲಕ್ಕೆ ನೆಟ್ಟಗೆ ನಿಂತಿರುತ್ತವೆ; ಗುಲ್‌ಮೊಹರ್ ಕೊಂಬೆಯ ತುಂಬ ಕೆಂಪಾಗಿರುತ್ತದೆ. ಬಣ್ಣ ನೋಡಿ ಹೆಸರು ಕಲಿಯುವವರಿಗೆ ಇವು ಮೂರು ಬೇರೆ ಬೇರೆ ಮರಗಳು, ಮೂರು ಬೇರೆ ಬೇರೆ ನೆನಪುಗಳು. ಬಿದ್ದ ಹೂವೊಂದನ್ನು ಅಂಗೈಯಲ್ಲಿಟ್ಟು ನೋಡಿದವರಿಗೆ ಬೇರೆಯೇ ಸಂಗತಿ ಕಾಣುತ್ತದೆ. ಮೂರರಲ್ಲೂ ಬಿಡಿಬಿಡಿಯಾದ ಐದು ದಳಗಳು, ಹತ್ತು ಕೇಸರಗಳು, ನಡುವೆ ಸಣ್ಣ ಹುರುಳಿಕಾಯಿಯಂತೆ ಉದ್ದಕ್ಕಿರುವ ಒಂದೇ ಅಂಡಾಶಯ. ಮಳೆಗಾಲದ ಹೊತ್ತಿಗೆ ಆ ಅಂಡಾಶಯ ಕಕ್ಕೆಯಲ್ಲಿ ಕೋಲಿನಂಥ ಕಾಯಾಗಿ, ಗುಲ್‌ಮೊಹರಿನಲ್ಲಿ ಕತ್ತಿಯಂಥ ಕಾಯಾಗಿ, ಪೆಲ್ಟೊಫೋರಮ್ಮಿನಲ್ಲಿ ತಾಮ್ರದ ಬಣ್ಣದ ಚಪ್ಪಟೆ ಕಾಯಾಗಿ ಬೆಳೆದಿರುತ್ತದೆ. ಮೂರೂ ಒಂದೇ ಕುಟುಂಬದವು, ಅವರೆ ತೊಗರಿಗಳ ಕುಟುಂಬದವು. ಇದನ್ನು ಒಮ್ಮೆ ಕಂಡುಕೊಂಡವರು ನಾಲ್ಕನೆಯ ಮರ ಎದುರಾದಾಗ ಮೊದಲಿನಿಂದ ಶುರುಮಾಡಬೇಕಾಗಿಲ್ಲ.

ಹೂಬಿಡುವ ಗಿಡಗಳನ್ನು ಗುರುತಿಸಲು ಕಲಿಯಬೇಕೆಂದಿರುವವರು ಒಂದೊಂದೇ ಗಿಡದ ಹೆಸರಿನಿಂದ ಹೊರಡದೆ ಕುಟುಂಬದಿಂದ ಹೊರಡಬೇಕು ಎಂಬುದು ಈ ಲೇಖನದ ವಾದ. ಲೆಕ್ಕವೇ ಇದಕ್ಕೆ ಮೊದಲ ಸಾಕ್ಷಿ. ಜಗತ್ತಿನಲ್ಲಿ ಹೂಬಿಡುವ ಸಸ್ಯಗಳ ಪ್ರಭೇದಗಳು ಸುಮಾರು ಮೂರು ಲಕ್ಷ. ಗುಜರಾತ್ ಒಂದರಲ್ಲೇ ಅವು ಎರಡು ಸಾವಿರದ ಆಸುಪಾಸು. ಕುಟುಂಬಗಳಾದರೋ, 2016ರಲ್ಲಿ ಪ್ರಕಟವಾದ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಎಪಿಜಿ ವರ್ಗೀಕರಣದ ನಾಲ್ಕನೆಯ ಆವೃತ್ತಿಯ ಪ್ರಕಾರ ಇಡೀ ಜಗತ್ತಿಗೆ 416. ಅದರಲ್ಲೂ ಹತ್ತು ಹನ್ನೆರಡು ಕುಟುಂಬಗಳ ಲಕ್ಷಣ ಕೈವಶವಾದರೆ ಈ ನಗರಗಳ ಬೀದಿ, ಸೊಸೈಟಿಯ ಅಂಗಳ, ತರಕಾರಿ ಮಾರುಕಟ್ಟೆ, ಖಾಲಿ ನಿವೇಶನಗಳಲ್ಲಿ ಕಾಣುವ ಗಿಡಗಳ ಬಹುಪಾಲನ್ನು ಸರಿಯಾದ ಗುಂಪಿನಲ್ಲಿ ಇಡಬಹುದು. ಉದ್ಯೋಗಕ್ಕೆಂದು ಗುಜರಾತಿಗೆ ಹೋಗಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಊರು ಬದಲಾದರೆ ಗಿಡದ ಹೆಸರು ಬದಲಾಗುತ್ತದೆ, ಎಷ್ಟೋ ಸಲ ಗಿಡವೂ ಬದಲಾಗುತ್ತದೆ. ಹಾಸನದಲ್ಲಿ ಕಲಿತ ಕುಟುಂಬದ ಲಕ್ಷಣ ಮಾತ್ರ ಸಾಬರಮತಿಯ ದಂಡೆಯಲ್ಲೂ ಹಾಗೆಯೇ ನಡೆಯುತ್ತದೆ.

ಎಲೆ, ಮುಳ್ಳು, ಗಿಡದ ಆಕಾರ ಇವನ್ನೆಲ್ಲ ಬಿಟ್ಟು ಹೂವನ್ನೇ ಏಕೆ ಆಧಾರ ಮಾಡಿಕೊಳ್ಳಬೇಕು? ಗುಜರಾತಿನ ಹೊಲದ ಬೇಲಿಗಳೇ ಉತ್ತರ ಕೊಡುತ್ತವೆ. ಅಲ್ಲಿ ಥೋರ ಎಂದು ಕರೆಯುವ ಗಿಡಗಳಲ್ಲಿ ಎರಡು ಜಾತಿ ಬೆರೆತಿವೆ. ಒಂದು ನಮ್ಮ ಎಲೆಗಳ್ಳಿ, ಇನ್ನೊಂದು ಪಾಪಾಸುಕಳ್ಳಿ. ಎರಡಕ್ಕೂ ದಪ್ಪ ಹಸಿರು ಕಾಂಡ, ಎರಡಕ್ಕೂ ಮುಳ್ಳು, ಎರಡೂ ಬರಗಾಲಕ್ಕೆ ಜಗ್ಗದವು. ಆದರೆ ಎಲೆಗಳ್ಳಿ ಹರಳು ಗಿಡದ ಕುಟುಂಬದ್ದು. ಮುರಿದರೆ ಬಿಳಿ ಹಾಲು ಸುರಿಯುತ್ತದೆ, ಅದರ ಹೂ ಕಣ್ಣಿಗೆ ಬೀಳದಷ್ಟು ಚಿಕ್ಕದು, ಕಾಯಿಗೆ ಮೂರು ಭಾಗ. ಪಾಪಾಸುಕಳ್ಳಿ ಅಮೆರಿಕದಿಂದ ಬಂದ ಕ್ಯಾಕ್ಟಸ್. ಅದರಲ್ಲಿ ಹಾಲಿಲ್ಲ, ಅಗಲವಾದ ಹಳದಿ ಹೂವಿನಲ್ಲಿ ಲೆಕ್ಕವಿಲ್ಲದಷ್ಟು ಕೇಸರಗಳು. ನೀರಿನ ಅಭಾವ ಎರಡು ದೂರದ ಕುಟುಂಬಗಳ ಕಾಂಡವನ್ನು ಒಂದೇ ರೂಪಕ್ಕೆ ತಂದಿದೆ. ಹೂವನ್ನು ಹಾಗೆ ತಿದ್ದಲು ಅದಕ್ಕೆ ಆಗಿಲ್ಲ. ಬಿಸಿಲು, ನೆಲ, ನೀರು ಬದಲಾದಂತೆ ಎಲೆ ಕಾಂಡಗಳು ಬೇಗ ಮಾರ್ಪಡುತ್ತವೆ. ಹೂವಿನ ಒಳರಚನೆ, ಅದರಲ್ಲೂ ಅಂಡಾಶಯದ ರಚನೆ, ಬಹಳ ನಿಧಾನವಾಗಿ ಬದಲಾಗುತ್ತದೆ. ಆದ್ದರಿಂದಲೇ ನೆಂಟಸ್ತಿಕೆ ಹುಡುಕುವವರು ಅಲ್ಲಿಗೇ ಹೋಗುತ್ತಾರೆ.

ಹಾಗೆಂದು ಹೂವಿನ ಯಾವುದೋ ಒಂದೇ ಲಕ್ಷಣವನ್ನು ಹಿಡಿದು ಹೊರಟರೂ ದಾರಿ ತಪ್ಪುತ್ತದೆ. ಲಿನೇಯಸ್ 1753ರಲ್ಲಿ ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದರು. ಅದು ಇಂದಿಗೂ ಉಳಿದಿದೆ. ಆದರೆ ಮುಖ್ಯವಾಗಿ ಕೇಸರಗಳ ಎಣಿಕೆಯನ್ನೇ ನಂಬಿ ಅವರು ಮಾಡಿದ ವಿಂಗಡಣೆ ಉಳಿಯಲಿಲ್ಲ. ಐದು ಕೇಸರ, ಎರಡು ಶಲಾಕೆ ಎಂಬ ಲೆಕ್ಕಕ್ಕೆ ಅವರ ಪುಸ್ತಕದಲ್ಲಿ ಎಕ್ಕವೂ ಕೊತ್ತಂಬರಿಯೂ ಒಂದೇ ಗುಂಪಿಗೆ ಬಿದ್ದವು. ಹಾಲನ್ನೇ ಗುರುತು ಮಾಡಿಕೊಂಡರೂ ಇದೇ ಗತಿ. ಕಣಗಿಲೆಯ ಕುಟುಂಬದಲ್ಲಿ ಹಾಲಿದೆ, ಆಲ ಅತ್ತಿಗಳ ಕುಟುಂಬದಲ್ಲಿ ಹಾಲಿದೆ, ಕಳ್ಳಿಯಲ್ಲೂ ಇದೆ. ಭರೂಚ್ ಬಳಿ ನರ್ಮದೆಯ ನಡುಗಡ್ಡೆಯಲ್ಲಿರುವ ಕಬೀರವಡದ ಆಲವಾಗಲಿ ಸೊಸೈಟಿಯ ಗೇಟಿನ ಬಳಿಯ ಅರಳಿಯಾಗಲಿ, ಎಳೆಯ ರೆಂಬೆಯನ್ನು ನೋಡಿದರೆ ಎಲೆ ಹುಟ್ಟಿದ ಕಡೆಯಲ್ಲೆಲ್ಲ ಸುತ್ತಲೂ ಉಂಗುರದಂಥ ಗೆರೆ ಕಾಣುತ್ತದೆ. ಹಾಲಿನ ಜೊತೆಗೆ ಆ ಉಂಗುರವೂ ಇದ್ದರೆ, ಹೂಗಳು ಹಣ್ಣಿನಂಥ ಬುರುಡೆಯೊಳಗೆ ಅಡಗಿದ್ದರೆ, ಅದು ಆಲದ ಬಳಗ. ಹಾಲಿದ್ದು, ಮೊಗ್ಗಿನಲ್ಲಿ ದಳಗಳು ಒಂದರ ಮೇಲೊಂದು ಒಂದೇ ಕಡೆಗೆ ತಿರುಚಿಕೊಂಡಿದ್ದರೆ ಅದು ಕಣಗಿಲೆಯ ಬಳಗ. ಕುಟುಂಬವೆಂದರೆ ಒಟ್ಟಿಗೆ ಕಾಣಿಸಿಕೊಳ್ಳುವ ಲಕ್ಷಣಗಳ ಗೊಂಚಲು. ಮೂರು ನಾಲ್ಕು ಲಕ್ಷಣ ಸೇರಿದಾಗ ಮಾತ್ರ ತೀರ್ಮಾನಕ್ಕೆ ಬರಬೇಕು.

ಬೇಕಾಗುವ ಸಾಮಗ್ರಿ ಕಡಿಮೆ: ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ, ಒಂದು ಬ್ಲೇಡು, ಒಂದು ಸೂಜಿ, ನೋಟ್‌ಬುಕ್ಕು, ಪೆನ್ಸಿಲ್ಲು. ಹೂವನ್ನು ಹೊರಗಿನಿಂದ ಒಳಕ್ಕೆ ಓದಬೇಕು. ಪುಷ್ಪಪತ್ರಗಳು ಎಷ್ಟು, ಬಿಡಿಯೋ ಕೂಡಿದವೋ. ದಳಗಳು ಎಷ್ಟು, ಬಿಡಿಯೋ ಕೊಳವೆಯಾಗಿವೆಯೋ. ಕೇಸರಗಳು ಎಷ್ಟು, ಯಾವುದಕ್ಕೆ ಅಂಟಿಕೊಂಡಿವೆ. ಅನಂತರ ಬ್ಲೇಡಿನಿಂದ ಹೂವನ್ನು ತೊಟ್ಟಿನ ಸಮೇತ ಉದ್ದಕ್ಕೆ ಸೀಳಿ, ಅಂಡಾಶಯ ದಳಗಳಿಗಿಂತ ಮೇಲಿದೆಯೋ ಕೆಳಗಿದೆಯೋ ನೋಡಬೇಕು. ದಾಸವಾಳದಲ್ಲಿ ಅದು ದಳಗಳ ಬುಡಕ್ಕಿಂತ ಮೇಲೆ. ಸೀಬೆಯಲ್ಲಿ ಕೆಳಗೆ; ಸೀಬೆಹಣ್ಣಿನ ತುದಿಯಲ್ಲಿ ಕಿರೀಟದಂತೆ ಉಳಿಯುವುದು ಹೂವಿನ ಪುಷ್ಪಪತ್ರಗಳೇ. ಕೊನೆಗೆ ಇನ್ನೊಂದು ಹೂವಿನ ಅಂಡಾಶಯವನ್ನು ಅಡ್ಡ ಕತ್ತರಿಸಿ ಒಳಗೆ ಎಷ್ಟು ಕೋಣೆ, ಅಂಡಕಗಳು ಎಲ್ಲಿ ಅಂಟಿವೆ ಎಂದು ಬರೆದುಕೊಳ್ಳಬೇಕು. ಇದರೊಂದಿಗೆ ಎಲೆಗಳು ಎದುರುಬದುರೋ ಒಂದಾದ ಮೇಲೊಂದೋ, ಒಂಟಿ ಎಲೆಯೋ ಕಿರುಎಲೆಗಳ ಗುಂಪೋ ಎಂಬುದನ್ನೂ ಸೇರಿಸಿದರೆ ಒಂದು ಗಿಡದ ದಾಖಲೆ ಪೂರ್ತಿಯಾಗುತ್ತದೆ. ಸಾರ್ವಜನಿಕ ತೋಟದ ಹೂ ಕೀಳುವ ಅಗತ್ಯವೇ ಇಲ್ಲ. ಕಕ್ಕೆ, ಮುತ್ತುಗ, ಬಕುಳ, ಗುಲ್‌ಮೊಹರ್ ಎಲ್ಲವೂ ನೆಲಕ್ಕೆ ಬೇಕಾದಷ್ಟು ಹೂ ಉದುರಿಸುತ್ತವೆ. ಫೋಟೊ ಮಾತ್ರ ತೆಗೆದುಕೊಂಡು ಬರುವುದಕ್ಕಿಂತ ಒರಟಾದ ಒಂದು ಪೆನ್ಸಿಲ್ ಚಿತ್ರ ಬಿಡಿಸುವುದು ಮೇಲು. ಎಣಿಸದೆ ಚಿತ್ರ ಬರೆಯಲಾಗದು, ಎಣಿಸದೆ ಫೋಟೊ ತೆಗೆಯಬಹುದು.

ಮೊದಲ ಪಾಠಕ್ಕೆ ಅವರೆಯ ಕುಟುಂಬಕ್ಕಿಂತ ಒಳ್ಳೆಯದಿಲ್ಲ. ಜಗತ್ತಿನಲ್ಲಿ ಸುಮಾರು 20,000 ಪ್ರಭೇದಗಳಿರುವ ಈ ಕುಟುಂಬ ಗುಜರಾತಿನಲ್ಲಿ ವರ್ಷವಿಡೀ ಎಲ್ಲಾದರೊಂದು ಕಡೆ ಹೂಬಿಟ್ಟಿರುತ್ತದೆ. ಹೋಳಿಯ ಹೊತ್ತಿಗೆ ಪಾವಾಗಢದ ಸುತ್ತಲೂ ಡಾಂಗ್ ಕಾಡಿನಲ್ಲೂ ಎಲೆಯುದುರಿದ ಖಾಖರೊ ಮರಗಳು ಕೇಸೂಡೊ ಹೂಗಳಿಂದ ತುಂಬಿರುತ್ತವೆ. ಅದು ನಮ್ಮ ಮುತ್ತುಗ. ಆ ಹೂವಿನಲ್ಲಿ ಅಗಲವಾದ ಒಂದು ದಳ ಬಾವುಟದಂತೆ ಹಿಂದಕ್ಕೆ, ಎರಡು ದಳ ರೆಕ್ಕೆಗಳಂತೆ ಪಕ್ಕಕ್ಕೆ, ಕೊನೆಯ ಎರಡು ಕೂಡಿಕೊಂಡು ದೋಣಿಯಂತೆ ಬಾಗಿರುತ್ತವೆ. ದೋಣಿಯನ್ನು ಸೂಜಿಯಿಂದ ಬಿಡಿಸಿದರೆ ಒಂಬತ್ತು ಕೇಸರಗಳ ಒಂದು ಕಟ್ಟು, ಬಿಡಿಯಾಗಿ ಹತ್ತನೆಯದು. ಹೊಂಗೆ, ಶಂಖಪುಷ್ಪ, ಮೆಂತ್ಯ, ಬಟಾಣಿಯ ಹೂಗಳೂ ಇದೇ ಮಾದರಿಯವು. ಗುಲ್‌ಮೊಹರಿನ ಮಾದರಿ ಬೇರೆ: ಚುಕ್ಕೆಗಳಿರುವ ಮೇಲಿನ ದಳ ಮೊಗ್ಗಿನಲ್ಲಿ ಎಲ್ಲಕ್ಕಿಂತ ಒಳಗಿರುತ್ತದೆ, ಮುತ್ತುಗದಲ್ಲಿ ಬಾವುಟದ ದಳ ಎಲ್ಲಕ್ಕಿಂತ ಹೊರಗಿರುತ್ತದೆ. ಮೊಗ್ಗೊಂದನ್ನು ಬಿಡಿಸಿ ನೋಡಿದರೆ ಅರೆನಿಮಿಷದಲ್ಲಿ ತಿಳಿಯುವ ವ್ಯತ್ಯಾಸ ಇದು. ಮೂರನೆಯ ಮಾದರಿ ಕರಿಜಾಲಿ, ಬಾಗೆ, ಸೀಮೆಹುಣಸೆಗಳದ್ದು. ಅಲ್ಲಿ ದಳಗಳು ಗಮನಕ್ಕೇ ಬಾರದೆ ಕೇಸರಗಳೇ ಚೆಂಡಿನಂತೆ ಕಾಣುತ್ತವೆ. ಮೂರಕ್ಕೂ ಕಾಯಿ ಒಂದೇ ಬಗೆಯದು, ಒಂದೇ ಶಲಾಕೆಯಿಂದಾದದ್ದು. 2017ರಲ್ಲಿ ತಜ್ಞರು ಈ ಕುಟುಂಬವನ್ನು ಆರು ಉಪಕುಟುಂಬಗಳಾಗಿ ಹೊಸದಾಗಿ ವಿಂಗಡಿಸಿದರು. ಜಾಲಿಯ ಗುಂಪು ಕಕ್ಕೆಯ ಗುಂಪಿನೊಳಗೆ ಸೇರಿತು, ಹುಣಸೆ ಬೇರೆಯಾಯಿತು, ಕಂಚುವಾಳ ಇನ್ನೊಂದಕ್ಕೆ ಹೋಯಿತು. ಕಲಿಯುವವರಿಗೆ ಈ ಮೂರು ಮಾದರಿಗಳು ಈಗಲೂ ಸಾಕು.

ಎರಡನೆಯದು ದಾಸವಾಳದ ಕುಟುಂಬ. ಗುಜರಾತಿನ ಬದುಕಿನೊಡನೆ ಇಷ್ಟು ಗಾಢವಾಗಿ ಬೆರೆತ ಹೂವಿನ ರಚನೆ ಇನ್ನೊಂದಿಲ್ಲ. ದಾಸವಾಳದ ಕೇಸರಗಳೆಲ್ಲ ಕೂಡಿ ಒಂದು ಕೊಳವೆಯಾಗಿ, ಆ ಕೊಳವೆಯ ನಡುವಿನಿಂದ ಶಲಾಕಾಗ್ರಗಳು ಹೊರಬಂದಿರುತ್ತವೆ. ಬೆಂಡೆಯ ಹೂ, ಹೂವರಸಿಯ ಹೂ, ಖಾಲಿ ನಿವೇಶನದ ಶ್ರೀಮುದ್ರೆಯ ಹೂ ಬಿಡಿಸಿದರೂ ಅದೇ ಕೊಳವೆ. ಹತ್ತಿಯ ಹೂವಿನಲ್ಲೂ ಅದೇ. ಸೂರತ್ತಿನ ಹತ್ತಿ ಸಂಶೋಧನಾ ಕೇಂದ್ರದಲ್ಲಿ ಸಿ. ಟಿ. ಪಟೇಲರು ರೂಪಿಸಿ 1970ರಲ್ಲಿ ಹೊರತಂದ ಹೈಬ್ರಿಡ್-4, ಜಗತ್ತಿನಲ್ಲೇ ವಾಣಿಜ್ಯ ಪ್ರಮಾಣದಲ್ಲಿ ಬೆಳೆದ ಮೊದಲ ಸಂಕರ ಹತ್ತಿ. ಎರಡು ವರ್ಷದ ಬಳಿಕ, 1972ರಲ್ಲಿ, ಧಾರವಾಡದಲ್ಲಿ ಬಿ. ಎಚ್. ಕಟರ್ಕಿಯವರ ವರಲಕ್ಷ್ಮಿ ಬಂತು. ಅದು ಎರಡು ಬೇರೆ ಪ್ರಭೇದಗಳನ್ನು ಕೂಡಿಸಿದ ಹತ್ತಿ. ಸಂಕರ ಬೀಜ ಮಾಡಲು ಹತ್ತಿಯ ಪ್ರತಿ ಹೂವಿನ ಕೇಸರಗಳನ್ನು ಅರಳುವ ಮುನ್ನಾದಿನ ಕೈಯಿಂದಲೇ ತೆಗೆದು, ಮರುದಿನ ಬೆಳಗ್ಗೆ ಬೇರೆ ಗಿಡದ ಪರಾಗ ಹಚ್ಚಬೇಕು. ನೂರಾರು ಕೇಸರಗಳು ಬಿಡಿಬಿಡಿಯಾಗಿದ್ದಿದ್ದರೆ ಈ ಕೆಲಸ ಹೊಲದ ಮಟ್ಟದಲ್ಲಿ ಬಹಳ ಕಷ್ಟವಾಗುತ್ತಿತ್ತು. ಒಂದೇ ಕೊಳವೆಯಾಗಿರುವುದರಿಂದ ಹೆಬ್ಬೆರಳ ಉಗುರಿನಿಂದ ಇಡಿಯಾಗಿ ಬಿಡಿಸಿ ತೆಗೆಯುತ್ತಾರೆ. ಕುಟುಂಬದ ಲಕ್ಷಣವೆಂಬುದು ಪುಸ್ತಕದ ಮಾತು ಎಂದುಕೊಂಡವರು ಬೀಜೋತ್ಪಾದನೆಯ ಹೊಲದಲ್ಲಿ ದುಡಿಯುವ ಹೆಂಗಸರ ಕೈಗಳನ್ನು ನೋಡಬೇಕು.

ಕಣಗಿಲೆಯ ಕುಟುಂಬವನ್ನು ಕಲಿಯುವುದಕ್ಕೆ ಸುರಕ್ಷತೆಯ ಕಾರಣವೂ ಇದೆ. ಗುಜರಾತಿನ ಹೆದ್ದಾರಿಗಳ ನಡುವೆ ಸಾಲಾಗಿ ನೆಟ್ಟಿರುವ ಕರೇಣ ಅಂದರೆ ಕಣಗಿಲೆ, ದೇವಸ್ಥಾನದ ಅಂಗಳದ ದೇವಗಣಗಿಲೆ, ಕುಂಡದ ನಿತ್ಯಮಲ್ಲಿಗೆ, ನಂದಿಬಟ್ಟಲು, ಅಕ್ಟೋಬರ್ ರಾತ್ರಿಗಳಲ್ಲಿ ಬೀದಿಗೆಲ್ಲ ಗಂಧ ಹರಡುವ ಸಪ್ತಪರ್ಣಿ, ಹನುಮಂತನಿಗೆ ಮಾಲೆಯಾಗುವ ಆಕಡೊ ಅಂದರೆ ಎಕ್ಕ, ಎಲ್ಲವೂ ಇದೇ ಬಳಗ. ಕೆಂಪು ಕಣಗಿಲೆಯಲ್ಲೂ ಹಳದಿ ಕಣಗಿಲೆಯ ಬೀಜದಲ್ಲೂ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ಅಪಾಯ. ಇದೇ ಕುಟುಂಬದ ನಿತ್ಯಮಲ್ಲಿಗೆ ರಕ್ತದ ಕ್ಯಾನ್ಸರಿಗೆ ಕೊಡುವ ವಿಂಕ್ರಿಸ್ಟೀನ್ ಔಷಧಿಯ ಮೂಲ. ಅಂದರೆ ಈ ಬಳಗದ ಗಿಡವೊಂದು ಹೊಸದಾಗಿ ಎದುರಾದರೆ ಹೆಸರು ಗೊತ್ತಿಲ್ಲದಿದ್ದರೂ ರುಚಿ ನೋಡಬಾರದು, ಮಕ್ಕಳ ಕೈಗೆ ಕೊಡಬಾರದು ಎಂಬಷ್ಟು ಕುಟುಂಬವೇ ಹೇಳಿಬಿಡುತ್ತದೆ.

ಉಳಿದವನ್ನು ಬೇಗ ಹೇಳಬಹುದು. ಚೆಂಡುಹೂವಿನ ಕುಟುಂಬದಲ್ಲಿ ನಾವು ಒಂದು ಹೂವೆನ್ನುವುದು ನೂರಾರು ಕಿರುಹೂಗಳ ಗುಂಪು. ಸೂಜಿಯಿಂದ ಒಂದನ್ನು ಎತ್ತಿ ಮಸೂರದಲ್ಲಿ ನೋಡಿದರೆ ಐದು ಮೂಲೆಯ ಪುಟ್ಟ ಕೊಳವೆ ಕಾಣುತ್ತದೆ. ಕಾಂಗ್ರೆಸ್ ಗಿಡವೂ ಸೂರ್ಯಕಾಂತಿಯೂ ಹೀಗೆಯೇ. ತುಳಸಿಯ ಕುಟುಂಬದಲ್ಲಿ ಕಾಂಡ ನಾಲ್ಕು ಮೂಲೆಯದು, ಎಲೆಗಳು ಎದುರುಬದುರು, ಹೂವಿಗೆ ಸಾಮಾನ್ಯವಾಗಿ ಎರಡು ತುಟಿ. ಹುಲ್ಲುಗಳನ್ನು ಮೊದಲ ವರ್ಷ ಮುಟ್ಟದಿರುವುದೇ ಒಳ್ಳೆಯದು. ಅವು ಅನುಭವಿಗಳನ್ನೂ ಕಾಡುತ್ತವೆ.

ಅಡುಗೆಮನೆಯಷ್ಟು ಅನುಕೂಲದ ಪಾಠಶಾಲೆ ಇನ್ನೊಂದಿಲ್ಲ. ಉತ್ತರಾಯಣದ ಹೊತ್ತಿಗೆ ಸೂರತ್ತಿನ ಮನೆಗಳಲ್ಲಿ ಬೇಯುವ ಉಂಧಿಯುವಿನ ಪಾತ್ರೆಗೆ ಬೀಳುವ ಸಾಮಾನನ್ನು ಕುಟುಂಬವಾರು ವಿಂಗಡಿಸಿ ನೋಡಿ. ಸುರತಿ ಪಾಪಡಿ, ಹಸಿ ತೊಗರಿ, ಮೆಂತ್ಯ ಮೂರೂ ಅವರೆಯ ಕುಟುಂಬ. ಪುಟ್ಟ ಬದನೆ ಮತ್ತು ಆಲೂಗಡ್ಡೆ ಒಂದೇ ಕುಟುಂಬ. ಗೆಣಸು ಬೇರೆ, ನೇರಳೆ ಬಣ್ಣದ ರತಾಳು ಮತ್ತೂ ಬೇರೆ, ಬಾಳೆ, ಹಸಿ ಬೆಳ್ಳುಳ್ಳಿ, ಕೊತ್ತಂಬರಿ ಒಂದೊಂದೂ ಬೇರೆ. ಆಲೂಗಡ್ಡೆ, ಗೆಣಸು ಎರಡೂ ಮಣ್ಣಿನಡಿ ಬೆಳೆಯುವ ಗಡ್ಡೆಗಳೇ. ಆದರೆ ಆಲೂಗಡ್ಡೆಯ ಹೂ ನಕ್ಷತ್ರದಂತಿದ್ದು ನಡುವೆ ಪರಾಗಕೋಶಗಳು ಗೋಪುರವಾಗಿ ಕೂಡಿರುತ್ತವೆ, ಬದನೆಯ ಹೂವಿನ ಹಾಗೆಯೇ. ಗೆಣಸಿನ ಹೂ ಕಹಳೆಯಂತೆ, ಕೆರೆಯಂಚಿನಲ್ಲಿ ಬೆಳೆಯುವ ಬೇಶರಮ್ ಗಿಡದ ಹೂವಿನ ಹಾಗೆ. ಮಣ್ಣಿನಡಿಯ ಗಡ್ಡೆ ಮುಚ್ಚಿಟ್ಟ ಸಂಬಂಧವನ್ನು ಹೂ ತೋರಿಸುತ್ತದೆ. ನುಗ್ಗೆಕಾಯಿ ಇನ್ನೂ ಸೊಗಸಾದ ಪರೀಕ್ಷೆ. ಕಿರುಎಲೆಗಳ ಗುಂಪು, ಉದ್ದನೆಯ ಕಾಯಿ ನೋಡಿ ಅದನ್ನು ಅವರೆಯ ಕುಟುಂಬಕ್ಕೆ ಸೇರಿಸಲು ಮನಸ್ಸಾಗುತ್ತದೆ. ಅಡ್ಡ ಕತ್ತರಿಸಿದರೆ ಮೂರು ಮೂಲೆ. ಬಲಿತಾಗ ಅದು ಮೂರು ಹೋಳಾಗಿ ಬಿರಿಯುತ್ತದೆ, ಬೀಜಕ್ಕೂ ಮೂರು ರೆಕ್ಕೆ. ಅವರೆಕಾಯಿ ಬಿರಿಯುವುದು ಎರಡು ಹೋಳಾಗಿ. ನುಗ್ಗೆಯದು ತನ್ನದೇ ಚಿಕ್ಕ ಕುಟುಂಬ. ಸೋರೆ, ತುಪ್ಪೀರೆ, ಹಾಗಲ ಬಳ್ಳಿಗಳಲ್ಲಿ ಗಂಡುಹೂ ಹೆಣ್ಣುಹೂ ಬೇರೆಬೇರೆ; ಹೆಣ್ಣುಹೂವಿನ ಕೆಳಗೆ ಪುಟ್ಟ ಕಾಯಿ ಆಗಲೇ ಕಾಣುತ್ತದೆ. ತೊಂಡೆ, ಪರವಲ್‌ಗಳಲ್ಲಿ ಬಳ್ಳಿಗಳೇ ಗಂಡು ಹೆಣ್ಣು.

ಗಿಡ ನೋಡಿ ಸಂತೋಷಪಡಲು ಇಷ್ಟೆಲ್ಲ ಬೇಕೆ ಎಂಬ ಮಾತು ನ್ಯಾಯವಾದದ್ದೇ. ಸಂತೋಷಕ್ಕೆ ಬೇಡ. ಆದರೆ ಗುರುತು ತಪ್ಪಿದಾಗ ಬೆಲೆ ತೆರುವವರು ಇದ್ದಾರೆ. ಅಹಮದಾಬಾದಿನ ಸೊಸೈಟಿಗಳ ಗೋಡೆಗುಂಟ ಕಂಬದಂತೆ ಬೆಳೆಯುವ, ದೀಪಾವಳಿಗೆ ಬಾಗಿಲ ತೋರಣವಾಗುವ ಆಸೊಪಾಲವವನ್ನು ಅಶೋಕವೆಂದು ನಂಬಿರುವವರು ಬಹಳ. ಅದರ ಹಸಿರು ಹೂವಿನ ಆರು ದಳಗಳು ಮೂರು ಮೂರರ ಎರಡು ಸುತ್ತು. ಅದು ಸೀತಾಫಲದ ಕುಟುಂಬ. ನಿಜವಾದ ಅಶೋಕ ಅವರೆಯ ಕುಟುಂಬದ್ದು, ಅದರ ಕಿತ್ತಳೆ ಹೂವಿಗೆ ದಳಗಳೇ ಇಲ್ಲ. ಬಣ್ಣ ಬಂದಿರುವುದು ಪುಷ್ಪಪತ್ರಗಳಿಗೆ. ಆಯುರ್ವೇದದ ಔಷಧಿಗೆ ಬೇಕಾದ ಅಶೋಕದ ತೊಗಟೆಗೆ ಆಸೊಪಾಲವದ ತೊಗಟೆ ಬೆರೆಸುವುದು ಬಹುಕಾಲದಿಂದ ದಾಖಲಾಗಿರುವ ಕಲಬೆರಕೆ. ಇನ್ನೂ ಕಠಿಣ ಉದಾಹರಣೆ ಸಾಸಿವೆಯದು. ಸಾಸಿವೆ ಉತ್ತರ ಗುಜರಾತಿನ ದೊಡ್ಡ ಬೆಳೆ, ದಾರೂಡಿ ಅಂದರೆ ಅರಿಶಿನ ದತ್ತೂರಿ ಹೊಲದಂಚಿನ ಕಳೆ. ಕಾಳುಗಳು ಕಪ್ಪಗೆ ಒಂದೇ ತೆರನಾಗಿ ಕಾಣುತ್ತವೆ. ದಾರೂಡಿಯ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ 1998ರಲ್ಲಿ ದೆಹಲಿಯಲ್ಲಿ ಜಲೋದರದಂಥ ಕಾಯಿಲೆ ಹರಡಿ 60ಕ್ಕೂ ಹೆಚ್ಚು ಜನ ಸತ್ತರು. ಹೂ ಇರುವಾಗ ಹೊಲದಲ್ಲಿ ಈ ಎರಡನ್ನು ಯಾರೂ ತಪ್ಪಾಗಿ ತಿಳಿಯಲಾರರು: ಸಾಸಿವೆಗೆ ನಾಲ್ಕು ದಳ, ಆರು ಕೇಸರ, ಅದರಲ್ಲಿ ನಾಲ್ಕು ಉದ್ದ ಎರಡು ಗಿಡ್ಡ, ದಾರೂಡಿಗೆ ಐದಾರು ದಳ, ಅಸಂಖ್ಯ ಕೇಸರ, ಮುರಿದರೆ ಹಳದಿ ಹಾಲು, ಮೈತುಂಬ ಮುಳ್ಳು.

ಈಗಿನ ಕಾಲದ ದೊಡ್ಡ ಆಕ್ಷೇಪ ಫೋನಿನದು. ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್ ಮುಂತಾದವು ಚಿತ್ರ ತೋರಿಸಿದ ಕ್ಷಣದಲ್ಲೇ ಹೆಸರು ಹೇಳುತ್ತವೆ, ಎಷ್ಟೋ ಸಲ ಸರಿಯಾಗಿಯೇ ಹೇಳುತ್ತವೆ. ಇವನ್ನು ದೂರ ಇಡಿ ಎಂದು ಹೇಳುವುದು ಹಟವಾದೀತು. ಆದರೆ ಅವು ನೋಡುವುದು ಚಿತ್ರವನ್ನು. ಅಂಡಾಶಯದ ಕೋಣೆ, ಮೊಗ್ಗಿನಲ್ಲಿ ದಳಗಳ ಜೋಡಣೆ, ಮುರಿದಾಗ ಬರುವ ಹಾಲು, ಎಲೆಯ ವಾಸನೆ ಮಾಮೂಲು ಫೋಟೊದಲ್ಲಿ ಇರುವುದಿಲ್ಲ. ಹಳದಿ ಚೆಂಡಿನಂಥ ಹೂವಿನ ಕಳೆಗಳು, ಹುಲ್ಲುಗಳು, ಹೂವಿಲ್ಲದ ಗಿಡಗಳ ವಿಷಯದಲ್ಲಿ ಅವು ತಪ್ಪುವುದು ಸಾಮಾನ್ಯ. ಆಗ ತಪ್ಪನ್ನು ಹಿಡಿಯುವವರು ಯಾರು? ಐನ್ಯಾಚುರಲಿಸ್ಟ್‌ನಲ್ಲಿ ಒಂದು ಗುರುತು ಸಂಶೋಧನೆಗೆ ಯೋಗ್ಯವೆನಿಸಬೇಕಾದರೆ ನೋಡಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಪ್ಪಬೇಕು. ಆ ಒಪ್ಪಿಗೆಗೆ ಬೆಲೆ ಬರುವುದು ಒಪ್ಪುವವರಿಗೆ ಗಿಡ ಗೊತ್ತಿದ್ದಾಗ ಮಾತ್ರ. ಮೊದಲು ನೀವೇ ಕುಟುಂಬ ಯಾವುದೆಂದು ಬರೆದುಕೊಳ್ಳಿ, ಆಮೇಲೆ ಫೋನನ್ನು ಕೇಳಿ. ಎರಡೂ ಹೊಂದಿದರೆ ಸರಿ. ಹೊಂದದಿದ್ದರೆ ಹೂವನ್ನು ಮತ್ತೆ ಬಿಡಿಸಿ ನೋಡಿ. ಈ ಕ್ರಮದಲ್ಲಿ ಫೋನು ನಿಮ್ಮನ್ನು ಬೆಳೆಸುತ್ತದೆ.

ವಿಜ್ಞಾನಿಗಳೇ ಕುಟುಂಬಗಳನ್ನು ಬದಲಾಯಿಸುತ್ತಿರುವಾಗ ಕಲಿತು ಏನು ಪ್ರಯೋಜನ ಎನ್ನುವವರಿಗೂ ಉತ್ತರ ಕೊಡಬೇಕು. ಬೆಂಥಮ್ ಮತ್ತು ಹೂಕರ್ 1862ರಿಂದ 1883ರವರೆಗೆ ಪ್ರಕಟಿಸಿದ ಪದ್ಧತಿಯಲ್ಲಿ ಕುಟುಂಬಗಳು 202. ನಮ್ಮ ದೇಶದ ಹಳೆಯ ಸಸ್ಯ ಸಂಗ್ರಹಗಳೂ ಪ್ರಾಂತೀಯ ಸಸ್ಯಗ್ರಂಥಗಳೂ ಅದನ್ನು ಅನುಸರಿಸಿವೆ. 1998ರಿಂದ ಡಿಎನ್‌ಎ ಆಧಾರದ ಎಪಿಜಿ ಪದ್ಧತಿ ಬಂದು ಗಡಿಗಳು ಸರಿದವು. ಎಕ್ಕ ಕಣಗಿಲೆಯ ಕುಟುಂಬಕ್ಕೆ ಸೇರಿತು, ಬೂರುಗ ದಾಸವಾಳದ ಕುಟುಂಬಕ್ಕೆ, ಡಾಂಗ್ ಕಾಡಿನ ತೇಗ ತುಳಸಿಯ ಕುಟುಂಬಕ್ಕೆ. ಬದಲಾವಣೆಗಳನ್ನು ಗಮನವಿಟ್ಟು ನೋಡಿದರೆ ಹಿಂದೆ ಕಲಿತದ್ದು ವ್ಯರ್ಥವಾಗಿಲ್ಲವೆಂದು ತಿಳಿಯುತ್ತದೆ. ಎಕ್ಕದ ಹಾಲನ್ನು, ತೇಗದ ಎಳೆಯ ರೆಂಬೆಯ ನಾಲ್ಕು ಮೂಲೆಯನ್ನು, ಬೂರುಗದ ಕಟ್ಟುಕಟ್ಟಾದ ಕೇಸರಗಳನ್ನು ಬರಿಗಣ್ಣೇ ಮೊದಲು ಕಂಡಿತ್ತು. ನಿಜವಾಗಿ ಅಚ್ಚರಿ ತಂದದ್ದು ತಾವರೆ. ನೈದಿಲೆಯೊಡನೆ ಒಂದೇ ಕುಟುಂಬದಲ್ಲಿದ್ದ ಅದು ಈಗ ತನ್ನದೇ ಕುಟುಂಬವಾಗಿ, ಚಿನಾರ್ ಮರದ ಹತ್ತಿರದ ಬಂಧುವಾಗಿದೆ. ಅಲ್ಲೂ ಒಳಗೆ ನೋಡಿದವರಿಗೆ ಸುಳಿವು ಇತ್ತು: ತಾವರೆಯ ಶಲಾಕೆಗಳು ಬುರುಡೆಯ ಗುಳಿಗಳಲ್ಲಿ ಬಿಡಿಬಿಡಿಯಾಗಿ ಕೂತಿರುತ್ತವೆ, ನೈದಿಲೆಯವು ಕೂಡಿಕೊಂಡಿರುತ್ತವೆ.

ನಗರದಲ್ಲಿರುವುದು ಹೊರದೇಶದ ಗಿಡಗಳೇ, ಅವುಗಳಿಂದ ನಮ್ಮ ಸಸ್ಯಸಂಪತ್ತು ಹೇಗೆ ತಿಳಿದೀತು ಎಂಬ ದೂರೂ ಇದೆ. ಗುಲ್‌ಮೊಹರ್ ಮತ್ತು ನಿತ್ಯಮಲ್ಲಿಗೆ ಮಡಗಾಸ್ಕರಿನವು, ದೇವಗಣಗಿಲೆ ಅಮೆರಿಕದ್ದು, ಹೌದು. ಕುಟುಂಬ ತಿಳಿದವರಿಗೆ ಹೊರಗಿನ ಗಿಡ ಒಳಗಿನ ಗಿಡದ ದಾರಿ ತೋರಿಸುತ್ತದೆ. ಕೋನೊಕಾರ್ಪಸ್ ಇದಕ್ಕೆ ತಾಜಾ ನಿದರ್ಶನ. ಬೇಗ ಹಸಿರಾಗುತ್ತದೆಂದು ಗುಜರಾತಿನ ನಗರಗಳಲ್ಲಿ ಸಾಲುಸಾಲಾಗಿ ನೆಟ್ಟಿದ್ದ ಈ ಗಿಡವನ್ನು ಇನ್ನು ನೆಡಬಾರದೆಂದು ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಪರಾಗದಿಂದ ಆರೋಗ್ಯಕ್ಕೂ ಬೇರಿನಿಂದ ನೆಲದಡಿಯ ಕೊಳವೆ ತಂತಿಗಳಿಗೂ ತೊಂದರೆ ಎಂಬುದು ಕಾರಣ. ಅದು ಮತ್ತಿ, ತಾರೆ, ಅರ್ಜುನಗಳ ಕುಟುಂಬದ್ದು. ಅದೇ ಕುಟುಂಬದ ನಮ್ಮ ನೆಲದ ಹೊಳೆಮತ್ತಿ ಹೊಳೆಯ ದಂಡೆಗಳಲ್ಲಿ ತಾನಾಗಿ ಬೆಳೆಯುವ ಮರ. ನೆಡುವ ಮೊದಲು ಈ ನೆಂಟಸ್ತಿಕೆಯನ್ನು ಕೇಳುವ ಅಭ್ಯಾಸ ಪಾಲಿಕೆಗಳ ತೋಟದ ವಿಭಾಗಗಳಿಗೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕುಟುಂಬ ತಿಳಿದ ಮೇಲೆ ಪ್ರಭೇದದವರೆಗೆ ಹೋಗಲು ಗ್ರಂಥ ಬೇಕು. ಥಿಯೊಡೋರ್ ಕುಕ್ ಅವರ ಬಾಂಬೆ ಪ್ರೆಸಿಡೆನ್ಸಿಯ ಸಸ್ಯಗ್ರಂಥ 1901ರಿಂದ 1908ರವರೆಗೆ ಹೊರಬಂತು. ಧಾರವಾಡ, ಬೆಳಗಾವಿ, ಕಾರವಾರಗಳ ಗಿಡಗಳೂ ಗುಜರಾತಿನ ಗಿಡಗಳೂ ಅದರಲ್ಲಿ ಒಟ್ಟಿಗೇ ಇವೆ. ಕನ್ನಡಿಗರಿಗೆ ಅದು ಎರಡೂ ಊರಿನ ಪುಸ್ತಕ. ವಲ್ಲಭ ವಿದ್ಯಾನಗರದ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯ 1978ರಲ್ಲಿ ಪ್ರಕಟಿಸಿದ ಜಿ. ಎಲ್. ಶಾ ಅವರ ಎರಡು ಭಾಗದ ಗುಜರಾತ್ ಸಸ್ಯಗ್ರಂಥ ಅಲ್ಲಿನ ಕೆಲಸಕ್ಕೆ ಆಧಾರ. ಇಂಥ ಗ್ರಂಥಗಳಲ್ಲಿ ಎರಡೆರಡು ಆಯ್ಕೆಗಳ ಪಟ್ಟಿ ಇರುತ್ತದೆ: ಎಲೆ ಎದುರುಬದುರು ಆಗಿದ್ದರೆ ಈ ಸಾಲಿಗೆ, ಅಲ್ಲದಿದ್ದರೆ ಆ ಸಾಲಿಗೆ. ಕುಟುಂಬ ಗೊತ್ತಿಲ್ಲದವರು ಈ ಪಟ್ಟಿಯ ಮೊದಲ ಪುಟದಲ್ಲೇ ಸೋಲುತ್ತಾರೆ. ಗೊತ್ತಿದ್ದವರು ನೇರವಾಗಿ ಆ ಅಧ್ಯಾಯಕ್ಕೆ ಹೋಗುತ್ತಾರೆ. ಲ್ಯಾಟಿನ್ ಹೆಸರುಗಳಿಗೆ ಅಂಜುವವರು ಜಯಕೃಷ್ಣ ಇಂದ್ರಜಿಯವರನ್ನು ನೆನೆಯಬೇಕು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದದ ಅವರು ಪೋರಬಂದರಿನ ಬರಡಾ ಗುಡ್ಡದ ಗಿಡಗಳನ್ನು ಕುರಿತು 1910ರಲ್ಲೇ ಗುಜರಾತಿಯಲ್ಲಿ ದೊಡ್ಡ ಗ್ರಂಥ ಬರೆದರು. ಕನ್ನಡದಲ್ಲಿ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ. ವಿದ್ಯಾರ್ಥಿಗಳೊಡನೆ ಕಾಡು ಸುತ್ತುತ್ತ ಕುಟುಂಬ, ಲಕ್ಷಣ, ಹೆಸರುಗಳನ್ನು ಹೇಗೆ ಕಲಿಸಬಹುದೆಂಬುದಕ್ಕೆ ನಮ್ಮ ಭಾಷೆಯಲ್ಲಿ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಕಾಣದು.

ಜಾಗಗಳ ವಿಷಯ. ವಡೋದರಾದಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರು 1879ರಲ್ಲಿ ಮಾಡಿಸಿದ ಸಯಾಜಿ ಬಾಗ್ ಹಳೆಯ ಮರಗಳ ಒಳ್ಳೆಯ ಸಂಗ್ರಹ. ಅದೇ ಊರಿನ ಎಂ. ಎಸ್. ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಒಣಗಿಸಿದ ಮಾದರಿಗಳ ಸಂಗ್ರಹವಿದೆ. ಗುರುತು ಖಚಿತವಾಗಬೇಕಾದಾಗ ಅಂಥ ಕಡೆ ಅನುಮತಿ ಪಡೆದು ಹೋಲಿಸಿ ನೋಡಬೇಕು. ಸೂರತ್ತಿನವರಿಗೆ ಡಾಂಗ್ ಜಿಲ್ಲೆಯ ವಘಈ ಸಸ್ಯೋದ್ಯಾನ ಒಂದು ದಿನದ ಪ್ರಯಾಣ. ಅಹಮದಾಬಾದಿನ ಮಳೆ ಸೂರತ್ತಿಗಿಂತ ಸಾಕಷ್ಟು ಕಡಿಮೆ, ಆದ್ದರಿಂದ ಅಲ್ಲಿ ಕಳೆಗಿಡಗಳ ಕಾಲ ಜುಲೈನಿಂದ ಸೆಪ್ಟೆಂಬರಿನೊಳಗೆ ಮುಗಿದುಹೋಗುತ್ತದೆ. ಆ ತಿಂಗಳುಗಳನ್ನು ಕಳೆದುಕೊಳ್ಳಬಾರದು. ನಿಮ್ಮ ಹಿತ್ತಲಿನ ಗಿಡದ ಮಾದರಿ ಒಣಗಿಸುವುದಾದರೆ ಹೂ, ಎಲೆ, ಸಾಧ್ಯವಾದರೆ ಕಾಯಿ ಇರುವ ರೆಂಬೆಯನ್ನು ಹಳೆಯ ಪತ್ರಿಕೆಗಳ ನಡುವೆ ಭಾರದಡಿ ಇಟ್ಟು, ಮಳೆಗಾಲದಲ್ಲಿ ದಿನವೂ ಕಾಗದ ಬದಲಿಸಿ. ಸ್ಥಳ, ದಿನಾಂಕ, ಹೂವಿನ ಬಣ್ಣ, ಹಾಲಿತ್ತೋ ಇಲ್ಲವೋ ಎಂಬುದನ್ನು ಚೀಟಿಯಲ್ಲಿ ಬರೆಯದ ಮಾದರಿಗೆ ಬೆಲೆಯಿಲ್ಲ. ಒಣಗಿದ ಮೇಲೆ ಬಣ್ಣವೂ ಹಾಲೂ ತಿಳಿಯುವುದಿಲ್ಲ. ಕಾಡಿನಿಂದ ಅನುಮತಿಯಿಲ್ಲದೆ ಏನನ್ನೂ ತರಬೇಡಿ. ಮೊದಲ ಕುಟುಂಬ ಯಾವುದಾದರೂ ಆಗಬಹುದು, ನಿಮ್ಮ ಬೀದಿಯಲ್ಲಿ ಈ ವಾರ ಹೂಬಿಟ್ಟಿರುವುದೇ ಸರಿ. ಅದರ ಐದು ಬೇರೆ ಬೇರೆ ಗಿಡಗಳನ್ನು ನೀವಾಗಿಯೇ ಹುಡುಕಿ, ಹೂ ಬಿಡಿಸಿ, ಬರೆದಿಡುವವರೆಗೆ ಎರಡನೆಯ ಕುಟುಂಬಕ್ಕೆ ಹೋಗಬೇಡಿ.